ಸುರಪುರದಲ್ಲಿ ಎರಡು ದಿನ

ಮುಂಬಯಿಯಿಂದ ಮದರಾಸಿಗೆ ಹೋಗುವ ಹಳೆಯ ರೈಲು ಹಾದಿಯಲ್ಲಿ, ವಾಡಿ ಜಂಕ್ಷನ್ ದಾಟಿದ ಮೇಲೆ ಯಾದಗಿರಿ ಬರುತ್ತದೆ. ಕಿಟಕಿಯಿಂದ ಬೆಟ್ಟದ ಮೇಲಿನ ಕೋಟೆ ಕಾಣಿಸುತ್ತದೆ. ಗಾಡಿ ಒಂದೆರಡು ನಿಮಿಷ ನಿಂತು ರಾಯಚೂರಿನ ಕಡೆಗೆ ಹೊರಡುತ್ತದೆ. ಕರ್ನಾಟಕವನ್ನು ನೋಡಬೇಕೆಂದು ಹೊರಟ ಕುಟುಂಬಗಳಲ್ಲಿ ಇಲ್ಲಿ ಇಳಿಯುವವರು ವಿರಳ. ವಿಜಯಪುರದ ಗುಮ್ಮಟ, ಬಾದಾಮಿಯ ಗುಹೆ, ಹಂಪೆಯ ರಥ ಇವುಗಳ ಪಟ್ಟಿಯಲ್ಲಿಯೇ ರಜೆಯ ದಿನಗಳು ಮುಗಿದುಹೋಗುತ್ತವೆ. ಆದರೆ ಇಲ್ಲಿ ಇಳಿದು ಎರಡು ದಿನಗಳನ್ನು ಕಳೆಯಬಲ್ಲವರಿಗೆ ಈ ಸೀಮೆ ಒಂದು ಅಪೂರ್ವವಾದ ಕಥೆಯನ್ನು ಕಾದಿರಿಸಿದೆ.

ಯಾದಗಿರಿಯಿಂದ ದಕ್ಷಿಣಕ್ಕೆ ಭೀಮೆಯನ್ನು ದಾಟಿದರೆ ವಡಗೇರಾ ಸೀಮೆ. ಹಿಂದೆ ಶಹಾಪುರ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಸ್ವತಃ ತಾಲ್ಲೂಕು ಕೇಂದ್ರ. ಉತ್ತರದಿಂದ ಭೀಮೆ, ಪಶ್ಚಿಮದಿಂದ ಕೃಷ್ಣೆ ಹರಿದು ಬಂದು, ನಡುವಣ ಭೂಮಿ ಕಿರಿದಾಗುತ್ತ ಆಗುತ್ತ ಕೊನೆಗೆ ರಾಯಚೂರು ಜಿಲ್ಲೆಯ ಕಡ್ಲೂರಿನ ಬಳಿ ಎರಡು ನದಿಗಳೂ ಒಂದಾಗುತ್ತವೆ. ಎರೆಮಣ್ಣಿನ ಹೊಲ, ತೊಗರಿ, ಹತ್ತಿ, ಕಾಲುವೆ ಬಂದ ಕಡೆ ಬತ್ತದ ಗದ್ದೆ. ದೂರದಲ್ಲಿ ಬೋಳು ಬಂಡೆಗಳ ಗುಡ್ಡಸಾಲು. ಆ ಗುಡ್ಡಗಳ ಕಡೆಗೆ, ಎಂದರೆ ಪಶ್ಚಿಮಕ್ಕೆ, ಸಾಗುವ ಹಾದಿಯೇ ಸುರಪುರದ ಹಾದಿ. ಯಾದಗಿರಿಯಿಂದ ನೇರವಾಗಿ ಹೋಗುವವರು ಶಹಾಪುರದ ಮೇಲೆ ಹೋಗಬೇಕು. ಐವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಸರಕಾರಿ ಬಸ್ಸುಗಳ ಅನುಕೂಲವಿದೆ.

ಸುರಪುರವನ್ನು ಮೊದಲು ನೋಡುವವರಿಗೆ ಅದು ಊರೆಂಬುದಕ್ಕಿಂತ ಕಲ್ಲುಗಳ ನಡುವೆ ಅವಿತುಕೊಂಡ ಪಾಳೆಯವೆಂದೇ ತೋರೀತು. ಸುತ್ತಲೂ ಬೆಟ್ಟ, ನಡುವೆ ಏರಿಳಿತದ ಬೀದಿಗಳು. ಇದನ್ನು ಆಳಿದವರು ಗೋಸಲ ವಂಶದ ಬೇಡ ನಾಯಕರು. ಅವರಿಗೆ ಇಂಥ ನೆಲವೇ ಬೇಕಾಗಿತ್ತು. ಅದೇಕೆಂಬುದು ಪಶ್ಚಿಮಕ್ಕೆ ಕೆಲವೇ ಮೈಲಿ ದೂರದ ವಾಗಣಗೇರಾ ಕೋಟೆಯನ್ನು ಹತ್ತಿದವರಿಗೆ ತಿಳಿಯುತ್ತದೆ.

ಸುರಪುರಕ್ಕೆ ಮೊದಲು ನಾಯಕರ ನೆಲೆ ಆ ಕೋಟೆಯೇ ಆಗಿತ್ತು. 1705ರ ಫೆಬ್ರವರಿಯಲ್ಲಿ ಔರಂಗಜೇಬನು ತನ್ನ ಮಹಾಸೈನ್ಯದೊಡನೆ ಅದನ್ನು ಮುತ್ತಿದನು. ವಿಜಯಪುರವನ್ನೂ ಗೋಲ್ಕೊಂಡವನ್ನೂ ನುಂಗಿದ್ದ ಚಕ್ರವರ್ತಿಗೆ ಆಗ ಎಂಬತ್ತಾರು ವರ್ಷ. ಎದುರಿಗಿದ್ದವನು ಪಿಡ್ಡನಾಯಕನೆಂಬ ಪಾಳೆಯಗಾರ. ಎರಡು ತಿಂಗಳಿಗೂ ಮೀರಿ ಮುತ್ತಿಗೆ ನಡೆಯಿತು. ನಾಯಕನ ಬೆಂಬಲಕ್ಕೆ ಮರಾಠರ ದಂಡೂ ಬಂದಿತು. ಏಪ್ರಿಲಿನ ಕೊನೆಗೆ ಮೊಗಲರು ಕೋಟೆಯನ್ನು ಹೊಕ್ಕಾಗ ನಾಯಕನೂ ಅವನ ಜನರೂ ಅಲ್ಲಿರಲಿಲ್ಲ. ಹಿಂದಿನ ದಾರಿಯಿಂದ ಇಳಿದು ಹೋಗಿದ್ದರು. ಔರಂಗಜೇಬನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. ಇಲ್ಲಿಯೇ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಅವನು ಕಾಯಿಲೆ ಬಿದ್ದನು. ಉತ್ತರಕ್ಕೆ ಹೊರಟವನು ದೆಹಲಿಯನ್ನು ಮತ್ತೆ ಕಾಣದೆ 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ನಾಯಕರು ಮಾತ್ರ ಉಳಿದರು.

ಕೋಟೆಯಲ್ಲಿ ಇಂದು ಉಳಿದಿರುವುದು ಮುರುಕು ಗೋಡೆಗಳು, ಮುಳ್ಳುಕಂಟಿ, ಬಿಸಿಲು. ಮಕ್ಕಳೊಡನೆ ಹೋಗುವವರು ಬೆಳಗಿನ ಹೊತ್ತಿನಲ್ಲಿಯೇ ಹೋಗಿ ಬರುವುದು ಲೇಸು. ನೀರನ್ನು ಜೊತೆಯಲ್ಲಿಯೇ ಒಯ್ಯಬೇಕು.

ಮಧ್ಯಾಹ್ನ ಊರಿಗೆ ಮರಳಿ ಯಾವುದಾದರೊಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿಯ ಊಟ ಮುಗಿಸಿ ಸ್ವಲ್ಪ ವಿಶ್ರಮಿಸಿದರೆ, ಬಿಸಿಲು ಇಳಿದ ಮೇಲೆ ವೇಣುಗೋಪಾಲಸ್ವಾಮಿಯ ಗುಡಿಗೆ ಹೋಗಬಹುದು. ಇದು ಅರಸರು ನಡೆದುಕೊಂಡ ದೇವರು. ಶ್ರಾವಣದ ಕೃಷ್ಣ ಜಯಂತಿಯ ಸಮಯದಲ್ಲಿ ಬಂದವರ ಭಾಗ್ಯ ದೊಡ್ಡದು: ಎತ್ತರವಾದ ಜಾರುಗಂಬಗಳನ್ನು ನೆಟ್ಟು, ಮೇಲಿನಿಂದ ನೀರು ಸುರಿಯುತ್ತಿರಲು ತರುಣರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಏರಲು ಹೆಣಗುವ ದೇವರಗಂಬದ ಆಟಕ್ಕೆ ಸುತ್ತಣ ಹಳ್ಳಿಗಳೆಲ್ಲ ಖಾಲಿಯಾಗಿ ಇಲ್ಲಿ ನೆರೆಯುತ್ತವೆ. ಈ ಅರಸರ ಆಶ್ರಯದಲ್ಲಿಯೇ ಸುರಪುರದ ಚಿತ್ರಕಲೆ ಬೆಳೆಯಿತು. ಮೈಸೂರಿನ, ತಂಜಾವೂರಿನ ಚಿತ್ರಗಳ ಹೆಸರು ಎಲ್ಲರಿಗೂ ಗೊತ್ತು. ಗರುಡಾದ್ರಿ ಮನೆತನದ ಕಲಾವಿದರು ಸುರಪುರದಲ್ಲಿ ಬರೆದ ದೇವದೇವಿಯರ ಕುಸುರಿ ಚಿತ್ರಗಳ ಹೆಸರನ್ನು ಕೇಳಿದವರು ಕಡಿಮೆ. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು ಕಡೂರಿನ ಬಳಿಯ ದೇವನೂರೆಂದು ಬಹುಮಂದಿ ವಿದ್ವಾಂಸರ ಮತ, ಅವನು ಸುರಪುರದವನೆಂಬ ವಾದವೂ ಉಂಟು. ಆ ವಾದವನ್ನು ಸುರಪುರದಲ್ಲಿ ನಿಂತು ಅಲ್ಲಗಳೆಯದಿರುವುದು ಒಳ್ಳೆಯದು!

ಊರಿನ ನಿಜವಾದ ಕಥೆ ಇರುವುದು ಎರಡು ಮನೆಗಳಲ್ಲಿ. ಒಂದು ಊರಿನೊಳಗಿನ ಅರಮನೆ. ಇನ್ನೊಂದು ಬೆಟ್ಟದ ಮೇಲಿನ ಬಂಗಲೆ, ಜನರು ಟೇಲರ್ ಮಂಜಿಲ್ ಎಂದು ಕರೆಯುವ ಮನೆ.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ಹುಡುಗನಾಗಿದ್ದಾಗಲೇ ಹಡಗು ಹತ್ತಿ 1824ರಲ್ಲಿ ಮುಂಬಯಿಗೆ ಬಂದು, ಅನಂತರ ಹೈದರಾಬಾದಿನ ನಿಜಾಮರ ಸೈನ್ಯವನ್ನು ಸೇರಿದನು. ಕಂಪೆನಿಯ ನೌಕರನಲ್ಲದ್ದರಿಂದ ಅವನಿಗೆ ದೊಡ್ಡ ಪದವಿಗಳ ಬಾಗಿಲು ಬಹುಕಾಲ ತೆರೆಯಲಿಲ್ಲ. ಭಾಷೆ, ಕಾನೂನು, ಭೂಮಾಪನ, ಕಟ್ಟಡದ ವಿದ್ಯೆ ಎಲ್ಲವನ್ನೂ ತಾನಾಗಿ ಕಲಿತನು; ಚಿತ್ರ ಬರೆಯುತ್ತಿದ್ದನು. ಠಕ್ಕರ ಜೀವನವನ್ನು ಕುರಿತು 1839ರಲ್ಲಿ ಅವನು ಪ್ರಕಟಿಸಿದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. 1841ರಲ್ಲಿ ಸುರಪುರದ ಅರಸ ಕೃಷ್ಣಪ್ಪನಾಯಕನ ತರುವಾಯ ರಾಜ್ಯಭಾರಕ್ಕಾಗಿ ರಾಣಿ ಈಶ್ವರಮ್ಮನಿಗೂ ಅರಸನ ತಮ್ಮನಿಗೂ ವ್ಯಾಜ್ಯ ಹುಟ್ಟಿದಾಗ ಅದನ್ನು ಬಗೆಹರಿಸಲು ಬಂದವನೇ ಟೇಲರ್. ಪಟ್ಟಕ್ಕೆ ಬರಬೇಕಾಗಿದ್ದ ವೆಂಕಟಪ್ಪನಾಯಕನು ಆಗ ಇನ್ನೂ ಏಳೆಂಟು ವರ್ಷದ ಬಾಲಕ.

ತಂದೆಯಿಲ್ಲದ ಆ ಮಗು ಈ ಪರದೇಶೀಯನನ್ನು ‘ಅಪ್ಪಾ’ ಎಂದು ಕರೆಯತೊಡಗಿತು. ಟೇಲರನ ಹೆಂಡತಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅವನ ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿದ್ದರು. ಹನ್ನೆರಡು ವರ್ಷ ಅವನು ಇಲ್ಲಿದ್ದು ಸಂಸ್ಥಾನದ ಸಾಲವನ್ನು ಇಳಿಸಿದನು, ರಸ್ತೆಗಳನ್ನು ಹಾಕಿಸಿದನು, ಕೆರೆಗಳನ್ನು ದುರಸ್ತು ಮಾಡಿಸಿದನು, ಹುಡುಗನಿಗೆ ಪಾಠ ಹೇಳಿಸಿದನು. ಬೆಟ್ಟದ ಮೇಲೆ ಮನೆ ಕಟ್ಟಿಕೊಂಡದ್ದೂ ಆ ದಿನಗಳಲ್ಲಿಯೇ. 1853ರಲ್ಲಿ ವೆಂಕಟಪ್ಪನು ಪ್ರಾಪ್ತ ವಯಸ್ಕನಾದಾಗ ರಾಜ್ಯವನ್ನು ಅವನಿಗೆ ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೊರಟುಹೋದನು.

ಮುಂದಿನದು ದುಃಖದ ಕಥೆ. 1857ರ ಸಂಗ್ರಾಮದ ಬಿಸಿ ದಕ್ಷಿಣಕ್ಕೂ ತಟ್ಟಿತು. ತರುಣ ಅರಸನು ಬೇಡರ ಪಡೆಯನ್ನು ಕೂಡಿಸತೊಡಗಿದನೆಂಬ ಸುದ್ದಿ ಹರಡಿ, 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ದಂಡು ಸುರಪುರಕ್ಕೆ ಬಂದಿಳಿಯಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತನು. ಹೆಚ್ಚಿನ ಸೈನ್ಯ ಬರುತ್ತಿರುವುದನ್ನು ತಿಳಿದ ವೆಂಕಟಪ್ಪನು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕನು.

ಸೆರೆಯಲ್ಲಿ ಅವನನ್ನು ಕಾಣಲು ಟೇಲರನು ಬಂದನು. ಆ ಭೇಟಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅರಸನು ಅತ್ತು ಅವನನ್ನು ಅಪ್ಪಿಕೊಂಡನಂತೆ. ಪ್ರೇರೇಪಿಸಿದವರ ಹೆಸರುಗಳನ್ನು ಹೇಳಿದರೆ ಜೀವ ಉಳಿಯಬಹುದೆಂದರೂ ಒಂದು ಹೆಸರನ್ನೂ ಹೇಳಲಿಲ್ಲವಂತೆ. ಬೇಡರಲ್ಲಿ ತೀರ ಸಾಮಾನ್ಯನಾದವನೂ ಸೆರೆಯಲ್ಲಿ ಬದುಕಲಾರನು, ಅರಸನಾದ ತಾನು ಬದುಕುವುದುಂಟೆ ಎಂದು ಕೇಳಿದನಂತೆ. ಸೈನಿಕ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಅದು ಕಾಲಾಪಾನಿಯ ಶಿಕ್ಷೆಯಾಗಿ ಇಳಿಯಿತು. ಕೊನೆಗೆ ಮದರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕೇ ವರ್ಷದ ಸೆರೆಯೆಂದು ಗವರ್ನರ್ ಜನರಲನ ಅಪ್ಪಣೆಯಾಯಿತು. ಅನಂತರ ಊರಿಗೆ ಮರಳುವ ಆಸೆಯೂ ಇತ್ತು. ಆದರೆ 1858ರ ಮೇ ತಿಂಗಳಲ್ಲಿ, ಹೈದರಾಬಾದಿನಿಂದ ಹೊರಟ ಪ್ರಯಾಣದ ಆರಂಭದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಅರಸನು ಡೇರೆಯಲ್ಲಿ ಸತ್ತುಬಿದ್ದನು. ಕೈತಪ್ಪಿ ಹಾರಿತೋ, ತಾನಾಗಿ ಹಾರಿಸಿಕೊಂಡನೋ ಎಂಬುದು ಟೇಲರನ ಬರಹದಲ್ಲಿಯೂ ತೀರ್ಮಾನವಾಗಿಲ್ಲ. ಇಪ್ಪತ್ತನಾಲ್ಕನೆಯ ವರ್ಷವನ್ನು ಈ ಮಗು ದಾಟದೆಂದು ಜಾತಕದಲ್ಲಿ ಬರೆದಿತ್ತೆಂದೂ, ಅದನ್ನು ತಾನು ಎಷ್ಟೋ ವರ್ಷಗಳ ಹಿಂದೆಯೇ ತಿಳಿದಿದ್ದೆನೆಂದೂ ಟೇಲರನು ಹೇಳುತ್ತಾನೆ. ಜ್ಯೋತಿಷ್ಯವನ್ನು ನಂಬದ ವಾಚಕರೂ ಆ ಪುಟಗಳನ್ನು ಓದುವಾಗ ಒಂದು ಗಳಿಗೆ ತಡೆದು ನಿಲ್ಲುವರು.

ಸುರಪುರ ಸಂಸ್ಥಾನವು ಅಲ್ಲಿಗೆ ಮುಗಿಯಿತು. 1860ರಲ್ಲಿ ಇಂಗ್ಲಿಷರು ಅದನ್ನು ನಿಜಾಮರಿಗೆ ಕೊಟ್ಟರು. ಟೇಲರನು ಅದೇ ವರ್ಷ ನಿವೃತ್ತನಾಗಿ ಸ್ವದೇಶಕ್ಕೆ ತೆರಳಿದನು. ಮುಪ್ಪಿನಲ್ಲಿ ಕಣ್ಣು ಮಂಜಾಗಿದ್ದರೂ ಮತ್ತೊಮ್ಮೆ ಹಿಂದೂಸ್ಥಾನಕ್ಕೆ ಬಂದು, ಹಿಂದಿರುಗುವ ದಾರಿಯಲ್ಲಿ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂತೊನ್ ಎಂಬ ಕಡಲತೀರದ ಊರಿನಲ್ಲಿ ತೀರಿಕೊಂಡನು. ಆತ್ಮಕಥೆಯನ್ನು ಮರುವರ್ಷ ಅವನ ಮಗಳು ಪ್ರಕಟಿಸಿದಳು.

ಟೇಲರನ ಪ್ರೀತಿ ಸುಳ್ಳಲ್ಲ. ಆದರೆ ಈ ಕಥೆಯನ್ನು ಬರೆದಿಟ್ಟವನು ಬೆಟ್ಟದ ಮನೆಯವನು, ಅರಮನೆಯವರಲ್ಲ. ಅವನ ಪುಸ್ತಕದಲ್ಲಿ ರಾಣಿ ಈಶ್ವರಮ್ಮನು ಹಟಮಾರಿ, ಕುತಂತ್ರಿ. ಗಂಡನನ್ನು ಕಳೆದುಕೊಂಡು, ಹೊರಗಿನ ಅಧಿಕಾರಿಯೊಬ್ಬನು ಬಂದು ರಾಜ್ಯದ ಲೆಕ್ಕವನ್ನೂ ಮಗನ ಮನಸ್ಸನ್ನೂ ಕೈವಶ ಮಾಡಿಕೊಳ್ಳುತ್ತಿರುವುದನ್ನು ಕಂಡ ತಾಯಿಯೊಬ್ಬಳು ಇನ್ನು ಹೇಗೆ ತಾನೇ ಇದ್ದಾಳು? ಟೇಲರನು ಕಲಿಸಿದ ಪಾಠಗಳಿಗಿಂತ ಹಳೆಯದಾದ ಪಾಠವೊಂದು ಆ ಹುಡುಗನ ರಕ್ತದಲ್ಲಿತ್ತು. ವಾಗಣಗೇರೆಯ ಗೋಡೆಗಳನ್ನು ಬೆಳಿಗ್ಗೆ ನೋಡಿ ಬಂದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದಕಾರಣ ಮೊದಲು ಕೋಟೆ, ಆಮೇಲೆ ಅರಮನೆಯ ಬೀದಿ, ಕೊನೆಯಲ್ಲಿ ಬಂಗಲೆ ಎಂಬ ಕ್ರಮದಲ್ಲಿ ಸುರಪುರವನ್ನು ನೋಡುವುದು ಯೋಗ್ಯ. ಬಂಗಲೆಯು ಬಹುಕಾಲ ಸರಕಾರಿ ಅತಿಥಿಗೃಹವಾಗಿ ಬಳಕೆಯಲ್ಲಿದ್ದುದು. ಸಂಜೆಯ ಹೊತ್ತಿಗೆ ಅಲ್ಲಿಗೆ ಹತ್ತಿದರೆ ಇಡೀ ಊರು ಕಾಲ ಕೆಳಗೆ ಕಾಣುತ್ತದೆ. ಎತ್ತರದಿಂದ ನೋಡುವವನಿಗೆ ಊರು ಹೇಗೆ ಕಾಣುತ್ತದೆಂಬುದೂ ಆಗ ತಿಳಿಯುತ್ತದೆ.

ಎರಡನೆಯ ದಿನವನ್ನು ಸುತ್ತಣ ಸ್ಥಳಗಳಿಗೆ ಮೀಸಲಿಡಬೇಕು. ಬೋನಾಳದ ಕೆರೆ ನಾಯಕರ ಕಾಲದ್ದು; ಟೇಲರನು ಅದನ್ನು ಸರಿಪಡಿಸಿ ವಿಸ್ತರಿಸಿದನು. ಈಗ ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಕೆಂಬರಲು, ಕೊಕ್ಕರೆ, ನೀರುಕೋಳಿಗಳ ಸಂತೆಯೇ ನೆರೆದಿರುತ್ತದೆ. ಸೂರ್ಯೋದಯದ ವೇಳೆಗೆ ಅಲ್ಲಿರಬೇಕು. ದಕ್ಷಿಣಕ್ಕೆ ಹೋದರೆ ಕೃಷ್ಣೆಯ ದಡದಲ್ಲಿ ತಿಂಥಣಿಯ ಮೌನೇಶ್ವರನ ಸನ್ನಿಧಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಸ್ಥಳ. ಪಶ್ಚಿಮದ ಹುಣಸಗಿಯ ಕಡೆ ಹೋಗುವ ಹವ್ಯಾಸಿಗಳು ನೋಡಬೇಕಾದುದು ಕಣ್ಣಿಗಿಂತ ಹೆಚ್ಚಾಗಿ ಕಲ್ಪನೆಗೆ ಕಾಣುವಂಥದು: ಸಮೀಪದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಕಮ್ಮಟವೇ ದೊರೆಯಿತು. ಅದರ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷ ಎಂದು ಅಂದಾಜು.

ಹಿಂದಿರುಗುವಾಗ ಶಹಾಪುರದಲ್ಲಿ ಇಳಿಯದೆ ಹೋಗಬಾರದು. ಊರಿನ ಸಮೀಪದ ವಿಭೂತಿಹಳ್ಳಿಯ ಬಯಲಿನಲ್ಲಿ ಇತಿಹಾಸಪೂರ್ವ ಕಾಲದವರು ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಹೂಡಿಟ್ಟಿದ್ದಾರೆ. ಅವುಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದವರಲ್ಲಿ ಮೊದಲಿಗನು ಮತ್ತೆ ಅದೇ ಟೇಲರ್. 1956ರಲ್ಲಿ ಆಲ್ಚಿನ್ ಎಂಬ ಇಂಗ್ಲಿಷ್ ಪ್ರಾಕ್ತನಜ್ಞನು ಈ ಸೀಮೆಯ ಕಲ್ಲುಸಾಲುಗಳನ್ನು ಕುರಿತು ಲೇಖನ ಬರೆದನು. ಯಾರನ್ನು ಹೂಳಲು, ಯಾವ ನಕ್ಷತ್ರವನ್ನು ಎಣಿಸಲು ಇವನ್ನಿಟ್ಟರೋ, ಒಬ್ಬೊಬ್ಬರದು ಒಂದೊಂದು ಊಹೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದಕ್ಕೆ ಉಂಟು.

ಶಹಾಪುರದ ಬೆಟ್ಟಸಾಲು ಇನ್ನೊಂದು ವಿನೋದ. ಒಂದು ಕಡೆಯಿಂದ ನೋಡಿದರೆ ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟವಾಗಿ, ಬುದ್ಧನು ಅಂಗಾತ ಮಲಗಿದಂತೆಯೇ ಕಾಣುತ್ತದೆ. ಜಾಗ ತಪ್ಪಿದರೆ ಅವು ಬರಿಯ ನಾಲ್ಕು ಗುಡ್ಡಗಳು. ಬಸ್ಸಿನಲ್ಲಿ ಕುಳಿತವರು ಪಕ್ಕದಲ್ಲಿರುವ ಊರವರನ್ನು ಮೊದಲೇ ಕೇಳಿಟ್ಟುಕೊಂಡರೆ ಸರಿಯಾದ ತಿರುವಿನಲ್ಲಿ ತೋರಿಸಿಕೊಡುತ್ತಾರೆ. ಮಕ್ಕಳಿಗೆ ಕಿಟಕಿಯ ಸ್ಥಳ ಬಿಟ್ಟುಕೊಡಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಈ ಪ್ರವಾಸಕ್ಕೆ ಹಿತವಾದ ಕಾಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಬಂಡೆಗಳ ಮೇಲೆ ಹಗಲು ಕಾಲಿಡಲಾಗದು.