ರೆಕ್ಕೆ ಬಾಗಿಲಿನ ಕಾರು ಹೋಯ್ತು, ಶೆಡ್ ಉಳೀತು: ಬೆಲ್‌ಫಾಸ್ಟ್‌ನ ಡೆಲೋರಿಯನ್ ಕಾರ್ಖಾನೆ ಕಥೆ ಏನು?

ಬಾಗಿಲು ಪಕ್ಕಕ್ಕೆ ತೆರೆಯದೆ, ಹದ್ದು ರೆಕ್ಕೆ ಬಿಚ್ಚಿದ ಹಾಗೆ ಮೇಲಕ್ಕೆ ಏಳುವ ಬೆಳ್ಳಿ ಬಣ್ಣದ ಕಾರೊಂದನ್ನು ನೀವು ಮೊಬೈಲ್‌ನಲ್ಲೋ ಟಿವಿಯಲ್ಲೋ ನೋಡಿರ್ತೀರಿ. 1985ರ 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದಲ್ಲಿ ಹಿಂದಿನ ಕಾಲಕ್ಕೆ ಹಾರಿ ಹೋಗುವ ಕಾರು ಅದೇ. ಹೆಸರು ಡೆಲೋರಿಯನ್. ಸಿನಿಮಾ ಅಮೆರಿಕದ್ದು, ಕಾರಿನ ಹೆಸರೂ ಅಮೆರಿಕದ್ದು. ಹಾಗಾಗಿ ಕಾರು ಅಲ್ಲಿನದ್ದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಯಾರಾಗಿದ್ದು ಬ್ರಿಟನ್ನಿನ ಉತ್ತರ ಐರ್ಲೆಂಡ್‌ನಲ್ಲಿ, ಬೆಲ್‌ಫಾಸ್ಟ್ ನಗರದ ಅಂಚಿನ ಡನ್‌ಮರಿ ಅನ್ನೋ ಊರಲ್ಲಿ.

ಕಾರಿನ ಬಗ್ಗೆ ಬೇಕಾದಷ್ಟು ವಿಡಿಯೋ ಇವೆ. ಅದನ್ನು ಮಾಡಿದ ಕಟ್ಟಡದ ಬಗ್ಗೆ ಮಾತಾಡೋರು ಕಮ್ಮಿ. ಸರ್ಕಾರ ದುಡ್ಡು ಕೊಟ್ಟು ಕಾರ್ಖಾನೆ ತಂದರೆ ಊರಿಗೆ ಏನು ಸಿಗುತ್ತೆ, ಏನು ಹೋಗುತ್ತೆ ಅಂತ ನೋಡೋದಕ್ಕೆ ಕಾರಿಗಿಂತ ಆ ಕಟ್ಟಡವೇ ಒಳ್ಳೆ ಉದಾಹರಣೆ.

ಅಲ್ಲೇ ಯಾಕೆ ಕಟ್ಟಿದರು?

ಜಾನ್ ಡೆಲೋರಿಯನ್ ಜನರಲ್ ಮೋಟಾರ್ಸ್ ಕಂಪನಿಯ ದೊಡ್ಡ ಅಧಿಕಾರಿಯಾಗಿದ್ದವರು. ಪಾಂಟಿಯಾಕ್ ಜಿಟಿಒ ಅನ್ನೋ ಕಾರಿನಿಂದ ಹೆಸರು ಮಾಡಿದ್ದರು. 1973ರಲ್ಲಿ ಆ ಕೆಲಸ ಬಿಟ್ಟರು. ಎರಡು ವರ್ಷ ಬಿಟ್ಟು ಸ್ವಂತ ಕಂಪನಿ ಶುರು ಮಾಡಿದರು. ಕೈಯಲ್ಲಿ ಡಿಸೈನ್ ಇತ್ತು, ಬಾಯಲ್ಲಿ ಮಾತಿತ್ತು, ಕಾರ್ಖಾನೆ ಕಟ್ಟುವಷ್ಟು ದುಡ್ಡು ಇರಲಿಲ್ಲ. 'ನಿಮ್ಮೂರಿಗೆ ಕೆಲಸ ತರ್ತೀನಿ, ಬಂಡವಾಳ ನೀವು ಹಾಕಿ' ಅನ್ನೋ ಲೆಕ್ಕದಲ್ಲಿ ಸರ್ಕಾರಗಳ ಬಾಗಿಲು ತಟ್ಟಿದರು. ಪೋರ್ಟೊ ರಿಕೊ ಜೊತೆ ಮಾತುಕತೆ ಬಹಳ ಮುಂದೆ ಹೋಗಿತ್ತು. ಐರ್ಲೆಂಡ್ ಗಣರಾಜ್ಯದವರು ಲೆಕ್ಕಪತ್ರ ನೋಡಿ ಬೇಡ ಅಂದರು.

ಬ್ರಿಟಿಷ್ ಸರ್ಕಾರ ಹೂಂ ಅಂದಿತು. 1978ರ ಬೇಸಿಗೆಯಲ್ಲಿ, ಕೆಲವೇ ವಾರಗಳ ಮಾತುಕತೆಯಲ್ಲಿ ಒಪ್ಪಂದ ಮುಗೀತು. ಅಷ್ಟು ಅವಸರ ಯಾಕೆ ಅಂದ್ರೆ ಆ ಊರಿನ ಸ್ಥಿತಿ ಹಾಗಿತ್ತು.

ಉತ್ತರ ಐರ್ಲೆಂಡ್‌ನಲ್ಲಿ 1960ರ ದಶಕದ ಕೊನೆಯಿಂದ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ನಡುವೆ ಗಲಾಟೆ ನಡೀತಾನೇ ಇತ್ತು. ಬರೀ ಧರ್ಮದ ಜಗಳ ಅಲ್ಲ. ಬ್ರಿಟನ್ ಜೊತೆ ಇರಬೇಕಾ, ಐರ್ಲೆಂಡ್ ಜೊತೆ ಸೇರಬೇಕಾ ಅನ್ನೋದು ಅದರ ಬುಡ. ಮೂವತ್ತು ವರ್ಷದಲ್ಲಿ ಸುಮಾರು 3,500 ಜನ ಸತ್ತರು. ಬಾಂಬು, ಗುಂಡು, ಬೀದಿಯಲ್ಲಿ ಸೈನ್ಯ. ಅಂಥ ಕಡೆ ಯಾರು ಬಂಡವಾಳ ಹಾಕ್ತಾರೆ? ಪಶ್ಚಿಮ ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್ ಬಡಾವಣೆಗಳಲ್ಲಿ ನಿರುದ್ಯೋಗ ವಿಪರೀತ ಇತ್ತು. ಕೈಗೆ ಕೆಲಸ ಸಿಕ್ಕರೆ ಹುಡುಗರು ಬಂದೂಕು ಹಿಡಿಯಲ್ಲ ಅನ್ನೋದು ಸರ್ಕಾರದ ಆಸೆ. ಸ್ಪೋರ್ಟ್ಸ್ ಕಾರು ಅದಕ್ಕೆ ಸಿಕ್ಕ ಒಂದು ನೆಪ ಅಂದರೂ ತಪ್ಪಿಲ್ಲ.

72 ಎಕರೆ, ಎರಡು ಗೇಟು

ಜಾಗ ಆರಿಸಿದ್ದರಲ್ಲೂ ಲೆಕ್ಕ ಇತ್ತು. ಒಂದು ಪಕ್ಕ ಟ್ವಿನ್‌ಬ್ರೂಕ್, ಕ್ಯಾಥೊಲಿಕರ ಬಡಾವಣೆ. ಇನ್ನೊಂದು ಪಕ್ಕ ಡನ್‌ಮರಿಯ ಸೀಮೋರ್ ಹಿಲ್, ಪ್ರಾಟೆಸ್ಟೆಂಟರದ್ದು. ಎರಡರ ಮಧ್ಯೆ ಬಿದ್ದಿದ್ದ ಜೌಗು ಹುಲ್ಲುಗಾವಲು ಸುಮಾರು 72 ಎಕರೆ. 1978ರ ಅಕ್ಟೋಬರ್‌ನಲ್ಲಿ ಅಲ್ಲಿ ಕೆಲಸ ಶುರುವಾಯ್ತು. ಒಂದೂವರೆ ವರ್ಷದೊಳಗೆ ಆರು ಕಟ್ಟಡ ಎದ್ದವು. ಒಟ್ಟು 6.6 ಲಕ್ಷ ಚದರ ಅಡಿ, ಅಂದ್ರೆ ಬರೀ ಚಾವಣಿ ಕೆಳಗೇ 15 ಎಕರೆ! ಪಕ್ಕದಲ್ಲೇ ಕಾರು ಓಡಿಸಿ ನೋಡೋದಕ್ಕೆ ಟೆಸ್ಟ್ ಟ್ರ್ಯಾಕ್.

ಕಾರ್ಖಾನೆಗೆ ಎರಡು ಗೇಟು. ಹೊರಗಿನ ಪತ್ರಿಕೆಗಳಿಗೆ ಇದೇ ಸುದ್ದಿಯಾಯ್ತು: ಒಂದು ಗೇಟು ಕ್ಯಾಥೊಲಿಕರಿಗಂತೆ, ಇನ್ನೊಂದು ಪ್ರಾಟೆಸ್ಟೆಂಟರಿಗಂತೆ ಅಂತ. ಸರಳವಾಗಿ ಹೇಳೋದಾದ್ರೆ, ಒಂದು ಗೇಟು ಟ್ವಿನ್‌ಬ್ರೂಕ್ ಕಡೆ ಇತ್ತು, ಇನ್ನೊಂದು ಸೀಮೋರ್ ಹಿಲ್ ಕಡೆ. ಯಾರಿಗೆ ಯಾವುದು ಹತ್ತಿರವೋ ಅದರಲ್ಲಿ ಬರೋರು. ಒಳಗೆ ಬಂದ ಮೇಲೆ ಒಂದೇ ಲೈನು, ಒಂದೇ ಕೆಲಸ. ಊರಲ್ಲಿ ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡೋಕೆ ಹೆದರುತ್ತಿದ್ದ ಕಾಲದಲ್ಲಿ ಒಂದೇ ಕಾರಿಗೆ ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ ಬೋಲ್ಟು ಬಿಗಿಯುತ್ತಿದ್ದರು. ಈ ಕಟ್ಟಡದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಇದೇ, ರೆಕ್ಕೆ ಬಾಗಿಲು ಅಲ್ಲ.

ಕೆಲಸಕ್ಕೆ ಸೇರಿದವರಲ್ಲಿ ಬಹಳಷ್ಟು ಜನ ಅದುವರೆಗೆ ಕಾರು ಕಾರ್ಖಾನೆಯ ಒಳಗೇ ಹೋದವರಲ್ಲ. ಎಷ್ಟೋ ಜನರಿಗೆ ಅದು ಮೊದಲ ನೌಕರಿ. ಅದಕ್ಕೇ ತರಬೇತಿಗೆ ಒಂದು ಪ್ರತ್ಯೇಕ ಕಟ್ಟಡ ಇಟ್ಟಿದ್ದರು. ಜೋರಾಗಿ ನಡೀತಿದ್ದಾಗ ಅಲ್ಲಿ ಸುಮಾರು 2,600 ಜನ ದುಡಿಯುತ್ತಿದ್ದರು.

ಕಾರು ಹೇಗಿತ್ತು?

ಡಿಸೈನ್ ಇಟಲಿಯ ಜಾರ್ಜೆಟ್ಟೊ ಜುಜಾರೊ ಅವರದ್ದು. ಎಂಜಿನಿಯರಿಂಗ್ ಇಂಗ್ಲೆಂಡಿನ ಲೋಟಸ್ ಕಂಪನಿಯದ್ದು. ಎಂಜಿನ್ ಫ್ರಾನ್ಸಿಂದ ಬರ್ತಿತ್ತು. ಹೊರಮೈ ಸ್ಟೇನ್‌ಲೆಸ್ ಸ್ಟೀಲ್, ಮೇಲೆ ಬಣ್ಣವೇ ಇಲ್ಲ. ನಮ್ಮ ಪಾತ್ರೆ ಅಂಗಡಿಗಳಲ್ಲಿ ಒಳ್ಳೆ ಮಾಲು ಅಂತ ಮಾರುವ 304 ಗ್ರೇಡ್ ಸ್ಟೀಲ್ ಇದೆಯಲ್ಲ, ಅದೇ. ತುಕ್ಕು ಹಿಡಿಯಲ್ಲ, ಆದ್ರೆ ಬೆರಳು ಇಟ್ಟ ಕಡೆಯೆಲ್ಲ ಗುರುತು. ಸೊಟ್ಟಗಾದರೆ ಪುಟ್ಟಿ ತುಂಬಿ ಬಣ್ಣ ಹೊಡೆದು ಮುಚ್ಚೋಕೂ ಆಗಲ್ಲ.

ನೋಡೋಕೆ ರಾಕೆಟ್, ಓಡೋದು ಸಾಧಾರಣ. ಅಮೆರಿಕಕ್ಕೆ ಹೋದ ಕಾರಿನ ಎಂಜಿನ್ ಶಕ್ತಿ ಬರೀ 130 ಹಾರ್ಸ್‌ಪವರ್. ಕಾರಿನ ಪೂರ್ತಿ ಹೆಸರು ಡಿಎಂಸಿ-12. ಆ 12 ಯಾಕೆ ಅಂದ್ರೆ 12,000 ಡಾಲರ್‌ಗೆ ಮಾರಬೇಕು ಅಂತ ಮೊದಲು ಅಂದುಕೊಂಡಿದ್ದರು. ಮಾರುಕಟ್ಟೆಗೆ ಬಂದಾಗ ಬೆಲೆ 25,000 ಡಾಲರ್. ಎರಡರಷ್ಟಕ್ಕಿಂತ ಜಾಸ್ತಿ! ಅದಕ್ಕಿಂತ ಕಮ್ಮಿ ದುಡ್ಡಿಗೆ ಅಮೆರಿಕದ ಗಿರಾಕಿಗೆ ಕಾರ್ವೆಟ್ ಸಿಗ್ತಿತ್ತು. ಅಂಗಡಿ ನಡೆಸೋರಿಗೆ ಇನ್ನು ಮುಂದಿನದ್ದು ಹೇಳಬೇಕಿಲ್ಲ.

1981: ಒಂದೇ ವರ್ಷದಲ್ಲಿ ಏರಿಳಿತ

1981ರ ಆರಂಭದಲ್ಲಿ ಲೈನಿಂದ ಕಾರುಗಳು ಹೊರಬಂದವು. ಮೊದಮೊದಲು ಬಂದ ಕಾರುಗಳಲ್ಲಿ ದೋಷ ಇತ್ತು. ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ, ವಿದ್ಯುತ್ ತೊಂದರೆ ಇತ್ತು. ಅಮೆರಿಕಕ್ಕೆ ಹಡಗಲ್ಲಿ ಹೋದ ಮೇಲೆ ಅಲ್ಲಿ ಮತ್ತೆ ಬಿಚ್ಚಿ ರಿಪೇರಿ ಮಾಡಿ ಡೀಲರ್‌ಗೆ ಕೊಡಬೇಕಾಗ್ತಿತ್ತು. ಕೆಲಸ ಹೊಸದು, ಕಾರು ಹೊಸದು, ಡಿಸೈನ್ ಮುಗಿಸಿದ್ದೂ ಅವಸರದಲ್ಲಿ. ತಪ್ಪನ್ನೆಲ್ಲ ಕೆಲಸಗಾರರ ತಲೆಗೆ ಕಟ್ಟಿದರೆ ಅನ್ಯಾಯ. ತಿಂಗಳು ಕಳೆದ ಹಾಗೆ ಅವರ ಕೈ ಕುದುರಿ ಕಾರಿನ ಗುಣಮಟ್ಟ ಏರಿತ್ತು.

ಅದೇ ವರ್ಷ ಮೇ 5ರಂದು ಬಾಬಿ ಸ್ಯಾಂಡ್ಸ್ ಜೈಲಲ್ಲಿ 66 ದಿನ ಉಪವಾಸ ಮಾಡಿ ತೀರಿಕೊಂಡರು. ಐಆರ್‌ಎ ಸದಸ್ಯ, ವಯಸ್ಸು 27, ಜೈಲಲ್ಲಿದ್ದುಕೊಂಡೇ ಬ್ರಿಟಿಷ್ ಸಂಸತ್ತಿಗೆ ಗೆದ್ದಿದ್ದವರು. ಅವರ ಮನೆಯವರು ಇದ್ದದ್ದು ಟ್ವಿನ್‌ಬ್ರೂಕ್‌ನಲ್ಲಿ, ಕಾರ್ಖಾನೆ ಗೇಟಿನ ಎದುರಿನ ಅದೇ ಬಡಾವಣೆ. ಸುದ್ದಿ ಬಂದ ಮೇಲೆ ಗಲಭೆ ಎದ್ದಿತು. ಪೆಟ್ರೋಲ್ ಬಾಂಬ್ ಬಿದ್ದು ಕಾರ್ಖಾನೆಯ ಆಫೀಸು ಕೊಠಡಿಗಳು ಸುಟ್ಟವು. ಇಷ್ಟಾದರೂ ಲೈನು ಮತ್ತೆ ಓಡಿತು. ಊರು ಎರಡು ಹೋಳಾಗಿದ್ದ ಆ ವಾರಗಳಲ್ಲೂ ಎರಡೂ ಗೇಟಿಂದ ಜನ ಕೆಲಸಕ್ಕೆ ಬಂದರು.

ಕಾರ್ಖಾನೆಗೆ ಪೆಟ್ಟು ಕೊಟ್ಟಿದ್ದು ಗಲಭೆ ಅಲ್ಲ, ಮಾರುಕಟ್ಟೆ. ಅಮೆರಿಕದಲ್ಲಿ ಆರ್ಥಿಕ ಹಿಂಜರಿತ, ಬಡ್ಡಿ ದರ ಆಕಾಶಕ್ಕೆ. ಚಳಿಗಾಲ ಬೇರೆ, ಆ ಹಿಮದಲ್ಲಿ ಸ್ಪೋರ್ಟ್ಸ್ ಕಾರು ತಗೊಳ್ಳೋರು ಯಾರು? ಹೊಸದರಲ್ಲಿ ಹೆಚ್ಚು ದುಡ್ಡು ಕೊಟ್ಟು ಕೊಂಡವರ ಸಾಲು ಕರಗಿತ್ತು. ಇಂಥ ಹೊತ್ತಲ್ಲಿ ಡೆಲೋರಿಯನ್ ಮಾಡಿದ್ದು ಏನು ಗೊತ್ತಾ? ವರ್ಷದ ಕೊನೆಯಲ್ಲಿ ಉತ್ಪಾದನೆಯನ್ನು ದುಪ್ಪಟ್ಟು ಮಾಡಿಸಿದ್ದು. ಗೋದಾಮಲ್ಲಿ ಮಾಲು ಹಾಗೇ ಬಿದ್ದಿದೆ, ಗಿರಾಕಿ ಇಲ್ಲ, ಆದರೂ ಇನ್ನೊಂದು ಲೋಡು ತರಿಸಿದ ಹಾಗೆ.

ರಿಸೀವರ್ ಬಂದರು

1982ರ ಜನವರಿ ಕೊನೆಗೆ ಸುಮಾರು 1,100 ಜನರನ್ನು ಮನೆಗೆ ಕಳಿಸಿದರು. ಇನ್ನಷ್ಟು ದುಡ್ಡು ಕೊಡಿ ಅಂತ ಡೆಲೋರಿಯನ್ ಕೇಳಿದ್ದಕ್ಕೆ ಮಾರ್ಗರೆಟ್ ಥ್ಯಾಚರ್ ಸರ್ಕಾರ ಆಗಲ್ಲ ಅಂದಿತು. ಒಪ್ಪಂದ ಮಾಡಿದ್ದು ಹಿಂದಿನ ಲೇಬರ್ ಸರ್ಕಾರ ಅನ್ನೋದು ಇಲ್ಲಿ ನೆನಪಿರಲಿ. ಫೆಬ್ರವರಿಯಲ್ಲಿ ಕಂಪನಿ ರಿಸೀವರ್ ಕೈಗೆ ಹೋಯ್ತು.

ರಿಸೀವರ್ ಅಂದ್ರೆ ಸಾಲ ತೀರಿಸಲಾಗದ ಕಂಪನಿಯ ಬೀಗದ ಕೈ ತಗೊಳ್ಳೋ ಅಧಿಕಾರಿ. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರಿಗೆ ಮೊದಲು ದುಡ್ಡು ವಸೂಲಿ ಮಾಡಿಕೊಡೋದು ಅವರ ಕೆಲಸ. ಕಂಪನಿಯನ್ನು ನಡೆಸಿ ಮಾರೋಕೆ ಆಗುತ್ತಾ ನೋಡ್ತಾರೆ, ಆಗದಿದ್ದರೆ ತುಂಡು ತುಂಡಾಗಿ ಮಾರ್ತಾರೆ. ಅಡಮಾನ ಇಲ್ಲದೆ, ನಂಬಿಕೆ ಮೇಲೆ ಸಾಮಾನು ಕೊಟ್ಟ ಸಣ್ಣ ಸರಬರಾಜುದಾರರು ಸಾಲಿನಲ್ಲಿ ಕೊನೆಗೆ ನಿಲ್ಲಬೇಕು. ಉದ್ರಿ ಕೊಟ್ಟವನ ಪಾಡು ಎಲ್ಲ ದೇಶದಲ್ಲೂ ಒಂದೇ.

ಕೊಳ್ಳೋರು ಯಾರೂ ಸಿಗಲಿಲ್ಲ. ಆ ವರ್ಷವೇ ಕೆಲಸಗಾರರು ಕಾರ್ಖಾನೆ ಒಳಗೇ ಧರಣಿ ಕೂತರು. ಎರಡೂ ಕಡೆಯವರು ಒಟ್ಟಿಗೇ. ಅದರಿಂದ ಕಾರ್ಖಾನೆ ಉಳಿಯಲಿಲ್ಲ. ಅರ್ಧಕ್ಕೆ ನಿಂತಿದ್ದ ಕಾರುಗಳನ್ನು ಮುಗಿಸೋಕೆ ಕೆಲವರನ್ನು ಇಟ್ಟುಕೊಂಡು ವರ್ಷದ ಕೊನೆಯೊಳಗೆ ಲೈನು ನಿಲ್ಲಿಸಿದರು. ಒಟ್ಟು ತಯಾರಾದ ಕಾರು ಸುಮಾರು 9,000.

ಇತ್ತ ಅಕ್ಟೋಬರ್‌ನಲ್ಲಿ ಡೆಲೋರಿಯನ್ ಅಮೆರಿಕದಲ್ಲಿ ಕೊಕೇನ್ ವ್ಯವಹಾರದ ಆರೋಪದಲ್ಲಿ ಬಂಧನವಾದರು. ಪೊಲೀಸರೇ ಬಲೆ ಬೀಸಿ ಸಿಕ್ಕಿಸಿದ್ದು ಅನ್ನೋ ವಾದ ಮಾಡಿ 1984ರಲ್ಲಿ ಖುಲಾಸೆಯಾದರು. ಊರಿನವರಿಗೆ ಅದಕ್ಕಿಂತ ಹೊಟ್ಟೆ ಉರಿದಿದ್ದು ಇನ್ನೊಂದು ವಿಷಯಕ್ಕೆ. ಲೋಟಸ್‌ಗೆ ಎಂಜಿನಿಯರಿಂಗ್ ಕೆಲಸಕ್ಕೆ ಅಂತ ಹೋಗಬೇಕಿದ್ದ 1.76 ಕೋಟಿ ಡಾಲರ್ ಜಿಪಿಡಿ ಅನ್ನೋ ಕಂಪನಿ ಮೂಲಕ ಸ್ವಿಟ್ಜರ್ಲೆಂಡ್ ದಾರಿ ಹಿಡಿದು ಮಾಯವಾಗಿತ್ತು. ಲೋಟಸ್‌ನ ಮುಖ್ಯಸ್ಥ ಕಾಲಿನ್ ಚಾಪ್‌ಮನ್ 1982ರ ಡಿಸೆಂಬರ್‌ನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಷೆಲ್‌ಗೆ 1992ರಲ್ಲಿ ಜೈಲಾಯ್ತು.

ಲೆಕ್ಕ ಹಾಕಿ ನೋಡಿದರೆ

ಬ್ರಿಟಿಷ್ ಸರ್ಕಾರ ಒಟ್ಟು ಹಾಕಿದ್ದು ಸುಮಾರು 7.7 ಕೋಟಿ ಪೌಂಡ್. ಕಾರಿನ ಲೆಕ್ಕಕ್ಕೆ ಹಂಚಿದರೆ ಒಂದೊಂದು ಕಾರಿಗೆ ಸುಮಾರು 8,500 ಪೌಂಡ್ ಜನರ ತೆರಿಗೆ ದುಡ್ಡು. ಕೆಲಸದ ಲೆಕ್ಕಕ್ಕೆ ಹಂಚಿದರೆ ಒಬ್ಬೊಬ್ಬ ಕೆಲಸಗಾರನ ಮೇಲೆ ಸುಮಾರು 29,600 ಪೌಂಡ್, ಅದೂ ಎರಡು ವರ್ಷವೂ ಸರಿಯಾಗಿ ನಿಲ್ಲದ ಕೆಲಸಕ್ಕೆ. ಇದನ್ನು ಹಗರಣ ಅಂತ ಬರೆದವರೇ ಜಾಸ್ತಿ. ಬರೆಯೋದು ಸರಿಯೇ. ಆದ್ರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗುತ್ತೆ, ಅದು ಕಟ್ಟಡ.

ಡೆಲೋರಿಯನ್ ದುಡ್ಡು ಎಲ್ಲೆಲ್ಲಿಗೋ ಹೋಯ್ತು, ಕಟ್ಟಡವನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗೋಕೆ ಆಗಲಿಲ್ಲ. ದೊಡ್ಡ ಚಾವಣಿ, ಲಾರಿ ಬರೋ ರಸ್ತೆ, ಸುತ್ತಮುತ್ತ ಕಾರ್ಖಾನೆ ಕೆಲಸ ಕಲಿತ ಜನ, ಎಲ್ಲ ಅಲ್ಲೇ ಇತ್ತು. 1989ರಲ್ಲಿ ಫ್ರಾನ್ಸಿನ ಮೊಂಟುಪೆ ಅನ್ನೋ ಕಂಪನಿ ಬಂದು ಜಾಗ ಹಿಡೀತು. ಅವರದ್ದು ಅಲ್ಯೂಮಿನಿಯಂ ಎರಕದ ಕೆಲಸ. ಎಂಜಿನ್ನಿನ ಸಿಲಿಂಡರ್ ಹೆಡ್ ಮಾಡಿ ಬೇರೆ ಕಾರು ಕಂಪನಿಗಳಿಗೆ ಕೊಡೋರು. ಸಿಲಿಂಡರ್ ಹೆಡ್ ಬಗ್ಗೆ ಯಾರೂ ಸಿನಿಮಾ ತೆಗೆಯಲ್ಲ, ಆದ್ರೆ ಡೆಲೋರಿಯನ್ ಅಲ್ಲಿ ಕಾರು ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಅಲ್ಲಿ ಸಿಲಿಂಡರ್ ಹೆಡ್ ಎರಕವಾಗಿದೆ. 2016ರಲ್ಲಿ ಕೆನಡಾದ ಲಿನಮಾರ್ ಕಂಪನಿ ಮೊಂಟುಪೆಯನ್ನು ಕೊಂಡುಕೊಂಡಿತು. ಬೋರ್ಡು ಬದಲಾಯ್ತು, ಎರಕ ನಡೀತಾ ಹೋಯ್ತು.

ಕಾರಿನ ಹೊರಮೈ ತಗಡು ಒತ್ತುತ್ತಿದ್ದ ದೊಡ್ಡ ದೊಡ್ಡ ಡೈಗಳ ಗತಿ ಬೇರೆಯಾಯ್ತು. ಗುಜರಿಗೆ ಮಾರಿದ್ದರಲ್ಲಿ ಕೆಲವನ್ನು ಐರ್ಲೆಂಡಿನ ಗಾಲ್ವೇ ಕರಾವಳಿಯಲ್ಲಿ ಮೀನು ಸಾಕುವ ಬಲೆಗಳಿಗೆ ಲಂಗರು ಮಾಡಿ ಸಮುದ್ರಕ್ಕೆ ಇಳಿಸಿದರು. ಹೊಸ ಬಾಗಿಲು, ಹೊಸ ಬಾನೆಟ್ ಒತ್ತಬೇಕು ಅಂದರೂ ಇನ್ನು ಆ ಡೈ ಸಿಗಲ್ಲ.

ಕಾರು ಇಟ್ಟುಕೊಂಡವರಿಗೆ ಡನ್‌ಮರಿ ಈಗ ತವರುಮನೆ ಥರ. ಕೆಲವು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದಿಂದ ಬೆಲ್‌ಫಾಸ್ಟ್‌ಗೆ ಬಂದು ಸೇರ್ತಾರೆ, ಕಾರುಗಳನ್ನು ಹಳೇ ಕಾರ್ಖಾನೆ ಹತ್ತಿರಕ್ಕೆ ತರ್ತಾರೆ. ಒಂದು ಕಾಲದಲ್ಲಿ ಅವುಗಳಿಗೆ ಬೋಲ್ಟು ಬಿಗಿದವರಲ್ಲಿ ಕೆಲವರು ಅಲ್ಲಿಗೆ ಬರ್ತಾರೆ. ಎರಡೂ ಬಾಗಿಲು ಮೇಲಕ್ಕೆ ಎತ್ತಿ ಸಾಲಾಗಿ ನಿಲ್ಲಿಸಿ ಫೋಟೋ ತಗೀತಾರೆ. ಹಿಂದೆ ಕಾಣೋದು ಅದೇ ಶೆಡ್ಡು.