ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೊಂದಾಣಿಕೆ

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು, ತೇರಿನಿಂದ ಬಹುದೂರ ನಿಂತವರಿಗೂ ವೇದಿಕೆಯ ಮಾತು ಕೇಳಿಸುವುದನ್ನು ಗಮನಿಸಿರಬಹುದು. ಆ ಮಾತನ್ನು ಹೊತ್ತೊಯ್ಯುವ ತಂತಿಯ ವಿಚಾರವನ್ನು ಚಿಂತಿಸಿದವರು ವಿರಳ. ತಂತಿಯ ಒಂದು ತುದಿಯ ಆಂಪ್ಲಿಫೈಯರಿಗೂ ಮತ್ತೊಂದು ತುದಿಯ ಸ್ಪೀಕರಿಗೂ ಇರಬೇಕಾದ ಹೊಂದಾಣಿಕೆಯನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಸ್ಪೀಕರಿನ ಬೆನ್ನಿನ ಮೇಲೆ ‘8 ಓಮ್’ ಎಂದು ಬರೆದಿರುವುದುಂಟು. ಇದಕ್ಕೆ ಇಂಪೀಡೆನ್ಸ್ ಎಂದು ಹೆಸರು. ಎಂದರೆ, ಒಳಗಿನ ತಂತಿಸುರುಳಿಯು ಏರಿಳಿಯುವ ವಿದ್ಯುತ್ಪ್ರವಾಹಕ್ಕೆ ಒಡ್ಡುವ ತಡೆ. ಸ್ವರವು ಏರಿಳಿದಂತೆ ಈ ತಡೆಯೂ ಬದಲಾಗುವುದು. ಮೀಟರು ಹಿಡಿದು ಅಳೆದರೆ 6 ಓಮಿನಷ್ಟೇ ತೋರಬಹುದು. ಸ್ಪೀಕರು ಕೆಟ್ಟಿತೆಂದು ಭ್ರಮಿಸಬೇಕಾದುದಿಲ್ಲ.

ಆ ಸೀಮೆಯ ಒಂದು ಹಳ್ಳಿಯಲ್ಲಿ ದೊಡ್ಡಾಟ ರಂಗೇರಿದ್ದ ಹೊತ್ತು. ಹಿಂದಿನವರಿಗೆ ಕೇಳಿಸದೆಂದು ಮೈಕ್‌ಸೆಟ್ಟಿನವರು ಅದೇ ತಂತಿಗೆ ಒಂದಾದ ಮೇಲೊಂದರಂತೆ 8 ಓಮಿನ ಸ್ಪೀಕರುಗಳನ್ನು ಕಟ್ಟುತ್ತ ಹೋದುದನ್ನು ನಾವು ಕಂಡೆವು. ನಾಲ್ಕನೆಯದು ಸೇರಿದ ತರುವಾಯ ಸುಟ್ಟ ವಾಸನೆ ಬಂದಿತು. ಹಾಡು ಅರ್ಧಕ್ಕೇ ನಿಂತಿತು. ಮುಂಗಡ ಹಣವನ್ನು ಹಿಂದಿರುಗಿಸಬೇಕಾದ ಆ ಬಡಪಾಯಿಯ ಮುಖ ಇನ್ನೂ ನೆನಪಿದೆ.

ಸ್ಪೀಕರು ಹೆಚ್ಚಿದಂತೆ ತಡೆಯೂ ಹೆಚ್ಚೀತೆಂದು ಎಣಿಸುವುದು ಸಹಜ. ನಡೆಯುವುದು ಅದಕ್ಕೆ ವಿರುದ್ಧವಾದುದು. ಗಂಗಾವತಿಯ ರೈತನನ್ನು ಕೇಳಿರಿ: ಕಾಲುವೆಗೆ ಒಂದರ ಬದಲು ನಾಲ್ಕು ತೂಬು ತೆರೆದರೆ ನೀರು ಸಲೀಸಾಗಿ, ಹೆಚ್ಚಾಗಿ ಹರಿಯುವುದು. ಸಮಾಂತರವಾಗಿ ಕಟ್ಟಿದ 8 ಓಮಿನ ಎರಡು ಸ್ಪೀಕರುಗಳ ಒಟ್ಟು ತಡೆ 4 ಓಮ್, ನಾಲ್ಕಾದರೆ 2. ಕನಿಷ್ಠ 4 ಓಮಿನ ಹೊರೆಗೆಂದು ಮಾಡಿದ ಆಂಪ್ಲಿಫೈಯರು ಅಷ್ಟು ಪ್ರವಾಹವನ್ನು ಒದಗಿಸಲು ಹೋಗಿ ಬೆಂದಿತು. ಎರಡೆರಡನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಕಟ್ಟಿದ್ದರೆ ಒಟ್ಟು ತಡೆ 8 ಓಮೇ ಆಗಿ, ಆಟ ಬೆಳಗಿನವರೆಗೆ ನಡೆಯುತ್ತಿತ್ತು.

ಗಿಟಾರಿನವರಲ್ಲಿ ಕೆಲವರು ಇಂದಿಗೂ ಮೆಚ್ಚುವ ವಾಲ್ವಿನ ಆಂಪ್ಲಿಫೈಯರಿನ ಸ್ವಭಾವವೇ ಬೇರೆ. ಅದರ ಟ್ರಾನ್ಸ್‌ಫಾರ್ಮರಿಗೆ 4, 8, 16 ಓಮಿನ ಪ್ರತ್ಯೇಕ ತುದಿಗಳಿರುತ್ತವೆ. ಸ್ಪೀಕರಿಗೆ ಒಪ್ಪುವ ತುದಿಯನ್ನೇ ಆರಿಸಬೇಕು. ಸ್ಪೀಕರಿಲ್ಲದೆ ನುಡಿಸಿದರೆ ವೋಲ್ಟೇಜು ಮಿತಿಮೀರಿ ಟ್ರಾನ್ಸ್‌ಫಾರ್ಮರೇ ಹಾಳಾದೀತು. ಟ್ರಾನ್ಸಿಸ್ಟರಿನ ಯಂತ್ರಕ್ಕೆ ಸಾಮಾನ್ಯವಾಗಿ ಈ ಭಯವಿಲ್ಲ.

ಇನ್ನು ದೂರದ ಪ್ರಶ್ನೆ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 200 ಮೀಟರು ಎಳೆದರೆ, ಹೋಗಿಬರುವ 400 ಮೀಟರಿಗೆ ಸುಮಾರು 4.6 ಓಮ್ ತಡೆಯಾಗುತ್ತದೆ. 8 ಓಮಿನ ಸ್ಪೀಕರಾದರೆ ಶಕ್ತಿಯ ಮೂರರಲ್ಲೊಂದು ಪಾಲಿಗೂ ಹೆಚ್ಚು ತಂತಿಯಲ್ಲೇ ಶಾಖವಾಗಿ ಹೋಗುವುದು. ಆದುದರಿಂದಲೇ ವಿಸ್ತಾರವಾದ ಬಯಲಿಗೆ 100 ವೋಲ್ಟಿನ ಸಾಲು ಒಪ್ಪುತ್ತದೆ. ಪ್ರತಿ ಹಾರ್ನಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು. 10 ವಾಟಿನ ಹಾರ್ನು ಸಾಲಿಗೆ 1000 ಓಮಿನಂತೆ ಕಾಣುವುದು. ಹತ್ತನ್ನು ಕಟ್ಟಿದರೂ 100 ಓಮ್ ಉಳಿಯುತ್ತದೆ. ಅವೆಲ್ಲ ಅದೇ 200 ಮೀಟರಿನ ಕೊನೆಯಲ್ಲಿದ್ದರೂ ತಂತಿಯಲ್ಲಿನ ನಷ್ಟ ನೂರಕ್ಕೆ ಐದನ್ನು ಮುಟ್ಟದು. ಇಲ್ಲಿ ಓಮಿನ ಲೆಕ್ಕವೂ ಬೇಡ, ಹಾರ್ನುಗಳ ವಾಟುಗಳನ್ನು ಕೂಡಿದರೆ ಸಾಕು. ಮೊತ್ತ ಆಂಪ್ಲಿಫೈಯರಿನ ಶಕ್ತಿಯನ್ನು ಮೀರದಿರಲಿ. ಟ್ರಾನ್ಸ್‌ಫಾರ್ಮರಿಲ್ಲದ 8 ಓಮಿನ ಸ್ಪೀಕರನ್ನು ಮಾತ್ರ ಈ ಸಾಲಿಗೆ ಎಂದಿಗೂ ನೇರವಾಗಿ ಕಟ್ಟಕೂಡದು.