ಕನ್ನಡದ ಇ-ಪುಸ್ತಕಕ್ಕೆ ಇನ್ನೂ ಕೇಬಲ್ಲೇ ಹಾದಿ

2025ರ ಫೆಬ್ರವರಿ 26ರಂದು ಅಮೆಜಾನ್ ತನ್ನ ವೆಬ್‌ಸೈಟಿನಿಂದ ಒಂದು ಸಣ್ಣ ಆಯ್ಕೆಯನ್ನು ತೆಗೆದುಹಾಕಿತು. 'ಡೌನ್‌ಲೋಡ್ ಅಂಡ್ ಟ್ರಾನ್ಸ್‌ಫರ್ ವಯಾ ಯುಎಸ್‌ಬಿ' ಅಂತ ಅದರ ಹೆಸರು. ದುಡ್ಡು ಕೊಟ್ಟು ಕೊಂಡ ಕಿಂಡಲ್ ಪುಸ್ತಕದ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿಂದ ಕೇಬಲ್ ಹಾಕಿ ಇ-ರೀಡರ್‌ಗೆ ದಾಟಿಸಲು ಇದ್ದ ದಾರಿ ಅದು. ಇಂಗ್ಲಿಷ್ ಓದುಗರು ಗಲಾಟೆ ಎಬ್ಬಿಸಿದರು, ಕೊನೆಯ ದಿನದೊಳಗೆ ತಮ್ಮ ಪುಸ್ತಕಗಳನ್ನೆಲ್ಲ ಇಳಿಸಿಕೊಳ್ಳಲು ಓಡಾಡಿದರು. ಕನ್ನಡದಲ್ಲಿ ಅದರ ಸದ್ದು ಅಷ್ಟಾಗಿ ಕೇಳಲಿಲ್ಲ.

ಕೇಳದಿದ್ದದ್ದಕ್ಕೆ ಕಾರಣ ಇದೆ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಮಳಿಗೆ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಆ ಐದರ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಬೆಳಗಾವಿ ಜಿಲ್ಲೆಯ ಒಂದೇ ಓಣಿಯಲ್ಲಿ ಮರಾಠಿ ಓದುವ ಮನೆ, ಕನ್ನಡ ಓದುವ ಮನೆ ಅಕ್ಕಪಕ್ಕ ಇರ್ತಾವೆ. ಇಬ್ಬರ ಕೈಯಲ್ಲೂ ಅದೇ ಯಂತ್ರ. ಒಬ್ಬರಿಗೆ ಪುಸ್ತಕ ಅಂಗಡಿಯಿಂದ ಗಾಳಿಯಲ್ಲೇ ಬಂದು ಇಳಿಯಿತು. ಇನ್ನೊಬ್ಬರು ತಾವೇ ಹುಡುಕಿ, ತಾವೇ ಹೊತ್ತು ತಂದು ತುಂಬಿಕೊಳ್ಳಬೇಕಾಯಿತು. ಹೊತ್ತು ತರುವ ಆ ಕೆಲಸದ ಸಾಧನವೇ ಯುಎಸ್‌ಬಿ ಕೇಬಲ್.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಅಮೆಜಾನ್ ಮುಚ್ಚಿದ್ದು ತನ್ನ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಫೈಲ್ ಆಗಿ ಇಳಿಸಿಕೊಳ್ಳುವ ದಾರಿಯನ್ನು. ನಿಮ್ಮ ಹತ್ತಿರವೇ ಇರುವ ಪುಸ್ತಕದ ಫೈಲನ್ನು ಕೇಬಲ್ ಮೂಲಕ ಇ-ರೀಡರ್‌ಗೆ ಹಾಕುವ ದಾರಿ ತೆರೆದೇ ಇದೆ. ಕನ್ನಡ ಓದುಗರು ನಿಂತಿರುವುದು ಈ ಎರಡನೇ ದಾರಿಯಲ್ಲಿ. ಅದನ್ನು ಬಳಸೋದು ಹೇಗೆ, ಎಲ್ಲಿ ಸಿಕ್ಕಿಹಾಕಿಕೊಳ್ತೀವಿ, ಅದು ಯಾಕೆ ಉಳಿಯಬೇಕು ಅನ್ನೋದು ಈ ಲೇಖನದ ವಿಷಯ.

ಚಾರ್ಜ್ ಏರ್ತದೆ, ಪುಸ್ತಕ ಏರೋದಿಲ್ಲ

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ನಮ್ಮ ಕಾಕಾ ಇದ್ದಾರೆ. ನಿವೃತ್ತ ಮಾಸ್ತರು. ಕಣ್ಣಿನ ಶಸ್ತ್ರಚಿಕಿತ್ಸೆ ಆದಮೇಲೆ ಸಣ್ಣ ಅಕ್ಷರ ಓದೋದು ಕಷ್ಟವಾಯಿತು, ಮೊಬೈಲ್ ಪರದೆಯ ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಅವರ ಮಗಳು ಒಂದು ಇ-ರೀಡರ್ ತಂದುಕೊಟ್ಟಳು. ಇದರ ಇ-ಇಂಕ್ ಪರದೆ ಕಾಗದದ ಹಾಗೆ ಹೊರಗಿನ ಬೆಳಕಲ್ಲೇ ಕಾಣ್ತದೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೀತದೆ. ಕರೆಂಟ್ ಕಣ್ಣಾಮುಚ್ಚಾಲೆ ಆಡುವ ಊರಿಗೆ ಹೇಳಿ ಮಾಡಿಸಿದ ಯಂತ್ರ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವ. ನಮ್ಮ ಮನೆತನದಲ್ಲಿ ಯಂತ್ರಕ್ಕೆ ಏನೇ ಆದರೂ ಫೋನು ನನಗೇ ಬರ್ತದೆ.

"ತಮ್ಮಾ, ವೈರ್ ಹಾಕಿದ್ರ ಚಾರ್ಜ್ ಅಂತೂ ಏರಾಕತ್ತೈತಿ, ಪುಸ್ತಕ ಮಾತ್ರ ಏರವಲ್ದು ನೋಡು."

"ಕಾಕಾ, ಮದ್ಲ ಆ ವೈರ್ ಬದ್ಲಿ ಮಾಡ್ರಿ."

ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನೊಳಗೆ ನಾಲ್ಕು ತಂತಿ ಇರ್ತಾವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಬ್ಯಾಟರಿ, ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್ ಜೊತೆ ಬರುವ ಅಗ್ಗದ ಎಷ್ಟೋ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರೋದಿಲ್ಲ. ಹೊರಗಿಂದ ನೋಡಿದರೆ ಒಂದೇ ಥರ. ಹಾಗಾಗಿ ಇ-ರೀಡರ್ ಕಂಪ್ಯೂಟರಿನಲ್ಲಿ ಕಾಣಿಸದಿದ್ದರೆ ಯಂತ್ರ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಫೋಟೋ ದಾಟಿಸಲು ಬಳಸಿ ಗೊತ್ತಿರುವ ಮೊಬೈಲ್ ಕೇಬಲ್ ಹಾಕಿ ನೋಡಿ. ಕಾಕಾನ ಸಮಸ್ಯೆ ಅಷ್ಟಕ್ಕೇ ಬಗೆಹರಿಯಿತು.

ಎರಡನೆಯ ಅಡ್ಡಿ ಹೊಸ ಯಂತ್ರಗಳದ್ದು. ಹಳೆಯ ಕಿಂಡಲ್ ಅಥವಾ ಕೋಬೋ ಜೋಡಿಸಿದರೆ ಪೆನ್‌ಡ್ರೈವ್ ಹಾಗೆ ಕಾಣಿಸ್ತದೆ. 2024ರಲ್ಲಿ ಬಂದ ಕಿಂಡಲ್‌ಗಳು ಎಂಟಿಪಿ ಎಂಬ ಬೇರೆ ವಿಧಾನದಲ್ಲಿ, ಅಂದರೆ ಆಂಡ್ರಾಯ್ಡ್ ಮೊಬೈಲ್ ಥರ ಜೋಡಣೆಯಾಗ್ತವೆ. ವಿಂಡೋಸ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಮ್ಯಾಕ್‌ನಲ್ಲಾದರೆ ಬೇರೆ ತಂತ್ರಾಂಶದ ನೆರವು ಬೇಕಾಗ್ತದೆ.

ಯಾವ ಫೈಲ್?

ಇ-ಪುಸ್ತಕದ ಫೈಲ್‌ಗಳಲ್ಲಿ ನಿಮಗೆ ಗೊತ್ತಿರಬೇಕಾದವು ಮೂರು. ಪಿಡಿಎಫ್ ಅಂದರೆ ಅಚ್ಚಾದ ಪುಟದ ಚಿತ್ರವಿದ್ದ ಹಾಗೆ. ಪುಟದ ಅಳತೆ ಬದಲಾಗೋದಿಲ್ಲ. ಆರು ಇಂಚಿನ ಪರದೆಯಲ್ಲಿ ಇಡೀ ಪುಟ ಕುಗ್ಗಿ ಕೂತು ಅಕ್ಷರ ಇರುವೆ ಸಾಲಿನಂತೆ ಕಾಣ್ತದೆ. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯಿಂದ ಆಚೆ. ಇಪಬ್ ಹಾಗಲ್ಲ, ಅದರಲ್ಲಿ ಪಠ್ಯ ಹರಿಯುವ ನೀರಿನಂತೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದುಕೊಂಡು ಹೊಂದಿಕೊಳ್ತದೆ. ಮೂರನೆಯದು ಕಿಂಡಲ್‌ನ ಸ್ವಂತ ಬಗೆ, ಎಝಡ್‌ಡಬ್ಲ್ಯು3 ಇತ್ಯಾದಿ.

ಕೋಬೋ, ಪಾಕೆಟ್‌ಬುಕ್ ಥರದ ಯಂತ್ರಗಳು ಇಪಬ್ ಫೈಲನ್ನು ನೇರವಾಗಿ ಓದ್ತವೆ. ಕೇಬಲ್ ಹಾಕಿ, ಫೈಲ್ ಕಾಪಿ ಮಾಡಿ, 'ಎಜೆಕ್ಟ್' ಕೊಟ್ಟು ತೆಗೆದರೆ ಮುಗೀತು. ಕಿಂಡಲ್ ಮಾತ್ರ ಕೇಬಲ್ಲಿನಿಂದ ಬಂದ ಇಪಬ್ ತೆರೆಯೋದಿಲ್ಲ. ಅದನ್ನು ಎಝಡ್‌ಡಬ್ಲ್ಯು3ಗೆ ಪರಿವರ್ತಿಸಿ 'ಡಾಕ್ಯುಮೆಂಟ್ಸ್' ಫೋಲ್ಡರ್‌ಗೆ ಹಾಕಬೇಕು. 2022ರಿಂದ 'ಸೆಂಡ್ ಟು ಕಿಂಡಲ್' ಸೇವೆಯಲ್ಲಿ ಇಪಬ್ ಕಳಿಸಬಹುದು, ನಿಜ. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ಖಾತೆ ಬೇಕು, ನಿಮ್ಮ ಫೈಲು ಕಂಪನಿಯ ಸರ್ವರ್ ಸುತ್ತಿ ಬರಬೇಕು.

ಪರಿವರ್ತನೆಗೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಇದೆ. ಅದರ ಹುಟ್ಟಿನ ಕತೆಯೂ ಕೇಬಲ್ಲಿನದೇ. 2006ರಲ್ಲಿ ಸೋನಿ ಕಂಪನಿ ಪಿಆರ್‌ಎಸ್-500 ಅನ್ನೋ ಇ-ರೀಡರ್ ತಂದಿತು. ಲಿನಕ್ಸ್ ಕಂಪ್ಯೂಟರಿನಿಂದ ಅದಕ್ಕೆ ಪುಸ್ತಕ ದಾಟಿಸುವ ವ್ಯವಸ್ಥೆಯನ್ನು ಕಂಪನಿ ಕೊಟ್ಟಿರಲಿಲ್ಲ. ಭಾರತದಿಂದ ಅಮೆರಿಕಕ್ಕೆ ಓದಲು ಹೋಗಿದ್ದ ಕೋವಿದ್ ಗೋಯಲ್, ಕಂಪ್ಯೂಟರಿಗೂ ಯಂತ್ರಕ್ಕೂ ನಡುವಿನ ಸಂಭಾಷಣೆಯನ್ನು ಬಿಡಿಸಿ ತಿಳಿದುಕೊಂಡು, ತಾವೇ ಒಂದು ತಂತ್ರಾಂಶ ಬರೆದರು. ಅದೇ ಬೆಳೆದು 2008ರಲ್ಲಿ ಕ್ಯಾಲಿಬರ್ ಆಯಿತು. ಪುಸ್ತಕವನ್ನು ಅದರೊಳಗೆ ಸೇರಿಸಿ, ಕೇಬಲ್ ಹಾಕಿ, 'ಸೆಂಡ್ ಟು ಡಿವೈಸ್' ಒತ್ತಿದರೆ ನಿಮ್ಮ ಯಂತ್ರಕ್ಕೆ ಯಾವ ಬಗೆಯ ಫೈಲ್ ಬೇಕೋ ಅದಕ್ಕೆ ಪರಿವರ್ತಿಸಿ ಕಳಿಸ್ತದೆ.

ಕನ್ನಡದ ಸ್ವಂತ ತೊಡಕು

ಇಲ್ಲಿಯವರೆಗಿನ ಮಾತು ಯಾವ ಭಾಷೆಗಾದರೂ ಹೊಂದ್ತದೆ. ಮುಂದಿನದು ನಮ್ಮದೇ ಕಷ್ಟ.

ಕಾಕಾಗೆ ಯಾರೋ ಒಂದು ಕಾದಂಬರಿಯ ಪಿಡಿಎಫ್ ಕೊಟ್ಟಿದ್ದರು. ಕ್ಯಾಲಿಬರ್‌ನಲ್ಲಿ ಇಪಬ್ ಮಾಡಿ ನೋಡಿದರೆ ಒಂದಕ್ಷರವೂ ಕನ್ನಡವಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಟೋಪಿ, ಚುಕ್ಕೆ. "ಇದೇನ್ ಮೋಡಿ ಲಿಪಿ ಏನೋ?" ಅಂದರು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪುಸ್ತಕಗಳ ಹಣೆಬರಹ ಇದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸಿದ್ದವು. ಫಾಂಟ್ ಜೊತೆಗಿರುವ ತನಕ ಕನ್ನಡ, ಅದು ಕಳಚಿದರೆ ಕೆಳಗಿನ ಇಂಗ್ಲಿಷ್ ಸಂಕೇತ ಬಯಲಾಗ್ತದೆ. ಯುನಿಕೋಡ್‌ನಲ್ಲಿ ಹಾಗಾಗೋದಿಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಕೇತವಿದೆ. ಹಾಗಾಗಿ ಹಳೆಯ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಇಪಬ್ ಮಾಡಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗ್ತವೆ. ಪರಿವರ್ತನೆಯಾದ ಮೇಲೆ ಒಮ್ಮೆ ಕಣ್ಣಾಡಿಸಿ ತಪ್ಪು ತಿದ್ದಬೇಕು ಅಷ್ಟೆ.

ಇನ್ನೊಂದು ತೊಡಕು ಒತ್ತಕ್ಷರದ್ದು. ಯುನಿಕೋಡ್‌ನಲ್ಲಿ 'ಕ್ಷ' ಅಂದರೆ ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರ ಎಂಬ ಮೂರು ಸಂಕೇತ. ಅವನ್ನು ಕೂಡಿಸಿ ಒಂದಾಗಿ ಬಿಡಿಸುವುದು ಯಂತ್ರದ ಕೆಲಸ. ಎಲ್ಲ ಇ-ರೀಡರ್‌ಗಳಿಗೂ ಅದು ಸರಿಯಾಗಿ ಬರೋದಿಲ್ಲ. ಕೊಳ್ಳುವ ಮುಂಚೆ ಅಥವಾ ನೂರು ಪುಸ್ತಕ ತುಂಬುವ ಮುಂಚೆ 'ರಾಷ್ಟ್ರ', 'ಸ್ತ್ರೀ', 'ಸೂರ್ಯ' ಎಂಬ ಮೂರು ಪದ ಇರುವ ಒಂದು ಫೈಲ್ ಹಾಕಿ ನೋಡಿ. ಒತ್ತಕ್ಷರಗಳು ಸರಿಯಾಗಿ ಕೂಡಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ನೋಟೋ ಸೆರಿಫ್ ಕನ್ನಡದಂಥ ಉಚಿತ ಫಾಂಟನ್ನು ಯಂತ್ರದ 'ಫಾಂಟ್ಸ್' ಫೋಲ್ಡರ್‌ಗೆ ಅದೇ ಕೇಬಲ್ಲಿನಿಂದ ಹಾಕಿ ಮತ್ತೆ ನೋಡಬಹುದು. ಕಿಂಡಲ್, ಕೋಬೋ ಎರಡರಲ್ಲೂ ಇದಕ್ಕೆ ಅವಕಾಶವಿದೆ.

ನಮ್ಮದು ಅಂದರೆ ಎಷ್ಟು ನಮ್ಮದು?

ಇಷ್ಟೆಲ್ಲ ಒದ್ದಾಟ ಯಾಕೆ, ಆಪ್‌ನಲ್ಲಿ ಓದಿದರಾಯ್ತಲ್ಲ ಅಂತ ಕೇಳಬಹುದು. ಮೈಲ್ಯಾಂಗ್‌ನಂಥ ಕನ್ನಡದ್ದೇ ಆಪ್‌ಗಳು, ಗೂಗಲ್ ಪ್ಲೇ ಬುಕ್ಸ್ ಮುಂತಾದವು ಕನ್ನಡ ಪುಸ್ತಕ ಮಾರಿ ಓದುಗರಿಗೆ ಉಪಕಾರವನ್ನೇ ಮಾಡಿವೆ. ಆದರೆ ಆಪ್‌ನೊಳಗಿನ ಪುಸ್ತಕ ಆಪ್ ಇರುವ ತನಕ, ಖಾತೆ ಇರುವ ತನಕ.

2009ರ ಜುಲೈನಲ್ಲಿ ಅಮೆಜಾನ್ ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಪುಸ್ತಕಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿತು. ಮಾರಿದವರಿಗೆ ಆ ಪುಸ್ತಕಗಳ ಹಕ್ಕು ಇರಲಿಲ್ಲ ಎಂಬುದು ಕಾರಣ. ಹಣ ವಾಪಸ್ ಬಂತು, ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಕಪಾಟಿಗೆ ಹೊರಗಿಂದ ಕೈ ಹಾಕಲು ಸಾಧ್ಯ ಅಂತ ಜಗತ್ತಿಗೆ ಗೊತ್ತಾಯಿತು. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಕಾನೂನು, ಡಿಜಿಟಲ್ ಸರಕನ್ನು ಬರೀ ಪರವಾನಗಿಯಾಗಿ ಕೊಡುವಾಗ ಹಾಗಂತ ಸ್ಪಷ್ಟವಾಗಿ ಹೇಳದೆ 'ಕೊಳ್ಳಿ' ಅನ್ನಬಾರದು ಅನ್ನುತ್ತದೆ. ಅಂದರೆ ನಾವು ಕೊಂಡೆವು ಅಂದುಕೊಂಡದ್ದು ಅನೇಕ ಸಲ ಓದುವ ಅನುಮತಿ ಮಾತ್ರ.

ಬೀಗವಿಲ್ಲದ ಇಪಬ್ ಹಾಗಲ್ಲ. ಒಂದು ಪ್ರತಿ ಇ-ರೀಡರ್‌ನಲ್ಲಿ, ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಇಡಬಹುದು. ಘಟಪ್ರಭೆಯ ದಂಡೆಯವರಿಗೆ ಪ್ರತಿ ಇಡುವುದರ ಬೆಲೆಯನ್ನು ಹೇಳಿಕೊಡಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಈ ಸೀಮೆಯ ಮನೆಗಳಿಗೆ ನುಗ್ಗಿದಾಗ ಕಾಳುಕಡಿಯ ಜೊತೆ ಪುಸ್ತಕ, ದಾಖಲೆ ಎಲ್ಲ ನೀರಾದವು. ಚಿತ್ರಗಳಿಲ್ಲದ ಒಂದು ಕಾದಂಬರಿಯ ಇಪಬ್ ಸಾಮಾನ್ಯವಾಗಿ ಒಂದು ಎಂಬಿಯ ಆಸುಪಾಸು. ಒಂದು ಊರಿನ ಗ್ರಂಥಾಲಯದಷ್ಟು ಪುಸ್ತಕ ಅಂಗಿ ಕಿಸೆಯಲ್ಲಿ ಹಿಡಿಸ್ತದೆ.

ಪುಸ್ತಕ ಎಲ್ಲಿಂದ ತರೋದು?

ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳು ಈಗ ಎಲ್ಲರ ಸ್ವತ್ತು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಲೇಖಕ ಅವರು. ವಚನಗಳಂತೂ ಮುಕ್ತವೇ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳನ್ನು ಇಪಬ್ ಆಗಿ ಇಳಿಸಿಕೊಳ್ಳುವ ಸೌಲಭ್ಯ ಇದೆ. ಆದರೆ ಗೋಕಾಕ ಸೀಮೆಯವರೇ ಆದ ಬೆಟಗೇರಿ ಕೃಷ್ಣಶರ್ಮರು ತೀರಿಕೊಂಡದ್ದು 1982ರಲ್ಲಿ, ಬಸವರಾಜ ಕಟ್ಟೀಮನಿಯವರು 1989ರಲ್ಲಿ. ಅವರ ಕೃತಿಗಳು ಮುಕ್ತವಾಗುವುದು 2043ಕ್ಕೆ ಮತ್ತು 2050ಕ್ಕೆ. ಅಲ್ಲಿಯವರೆಗೆ ಹಕ್ಕುದಾರರು, ಪ್ರಕಾಶಕರು ಇ-ಪುಸ್ತಕ ತಂದರೆ ಮಾತ್ರ ಉಂಟು. ವಾಟ್ಸ್ಯಾಪ್‌ನಲ್ಲಿ ಹರಿದಾಡುವ ಕದ್ದ ಪಿಡಿಎಫ್ ಇದಕ್ಕೆ ಪರಿಹಾರ ಅಲ್ಲ. ಕನ್ನಡದ ಸಣ್ಣ ಪ್ರಕಾಶಕರ ಹೊಟ್ಟೆಗೆ ಅದು ಹೊಡೆತ.

ಹಾಗಾದರೆ ಏನಾಗಬೇಕು? ಒಂದು, ಸಾರ್ವಜನಿಕರ ದುಡ್ಡಿನಿಂದ ಪುಸ್ತಕ ತರುವ ಅಕಾಡೆಮಿ, ಪ್ರಾಧಿಕಾರ, ವಿಶ್ವವಿದ್ಯಾಲಯಗಳು ಪಿಡಿಎಫ್ ಹಾಕಿ ಕೈತೊಳೆದುಕೊಳ್ಳದೆ ಯುನಿಕೋಡ್ ಇಪಬ್ ಕೊಡಬೇಕು. ಪುಸ್ತಕ ಯುನಿಕೋಡ್‌ನಲ್ಲೇ ಸಿದ್ಧವಾಗಿದ್ದರೆ ಇದಕ್ಕೆ ದೊಡ್ಡ ಖರ್ಚಿಲ್ಲ. ಎರಡು, ಖಾಸಗಿ ಪ್ರಕಾಶಕರು ಬೆಲೆ ಇಟ್ಟೇ ಮಾರಲಿ, ಆದರೆ ಓದುಗರು ತಮ್ಮ ಯಂತ್ರಕ್ಕೆ ದಾಟಿಸಿಕೊಳ್ಳಬಹುದಾದ ಫೈಲನ್ನು ಕೊಡಲಿ. ಮೂರು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ. ಕಂಪ್ಯೂಟರ್ ಇರುವ ಕೇಂದ್ರದಲ್ಲಿ ಮುಕ್ತ ಕನ್ನಡ ಪುಸ್ತಕಗಳ ಒಂದು ಫೋಲ್ಡರ್, ಕ್ಯಾಲಿಬರ್, ಮಾಹಿತಿ ದಾಟಿಸುವ ಒಂದು ಒಳ್ಳೆಯ ಕೇಬಲ್ ಇಟ್ಟರೆ ಸಾಕು. ನೆಟ್ ಇರಲಿ ಬಿಡಲಿ, ಊರವರು ಯಂತ್ರ ತಂದು ಪುಸ್ತಕ ತುಂಬಿಸಿಕೊಂಡು ಹೋಗಬಹುದು. ಇ-ರೀಡರ್ ಇಲ್ಲದವರಿಗೆ ಅದೇ ಇಪಬ್ ಮೊಬೈಲ್‌ನಲ್ಲೂ ತೆರೀತದೆ.

ಮುಂದಿನ ಸಲ ಒಂದು ಕನ್ನಡ ಪುಸ್ತಕ ಇಷ್ಟವಾಗಿ ಪ್ರಕಾಶಕರಿಗೆ ಫೋನ್ ಮಾಡಿದಾಗ ಇನ್ನೊಂದು ಪ್ರಶ್ನೆ ಸೇರಿಸಿ: "ಇದರ ಇಪಬ್ ಮಾರ್ತೀರೇನ್ರೀ?" ಹತ್ತು ಮಂದಿ ಕೇಳಿದರೆ ಅವರಿಗೆ ಅದು ತಲೆನೋವು ಅನ್ನಿಸಬಹುದು. ನೂರು ಮಂದಿ ಕೇಳಿದರೆ ವ್ಯಾಪಾರ ಅನ್ನಿಸ್ತದೆ.